ಜೀವಾಳವೂ ನಾದವಿಕಾರವೂ

ಹಾಸನ ಸೀಮೆಯ ಸಕಲೇಶಪುರ ತಾಲ್ಲೂಕಿನ ಪಡುವಣಂಚಿನಲ್ಲಿ, ಘಟ್ಟವು ತುಳುನಾಡಿನ ಕಡೆಗೆ ಇಳಿಯುವ ಎಡೆಯಲ್ಲಿ, ಎಡಕುಮೇರಿಯೆಂಬ ಸ್ಥಳವುಂಟು. 1979ರಲ್ಲಿ ಹಾಸನ ಮಂಗಳೂರುಗಳ ನಡುವೆ ರೈಲುದಾರಿ ತೆರೆದಂದಿನಿಂದ ಅದರ ಹೆಸರು ನಿಲ್ದಾಣದ ಹಲಗೆಯ ಮೂಲಕ ಹೊರಗಿನವರಿಗೂ ಪರಿಚಿತವಾಯಿತು; ಅದಕ್ಕೆ ಮುಂಚೆ ಅದು ಕಾಡಿನೊಳಗಿನ ಹೆಸರು. ಕುಮೇರಿ ಅಥವಾ ಕುಮರಿ ಎಂದರೆ ಕಾಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ಬೆಳೆ ತೆಗೆದು, ನೆಲವನ್ನು ಬಿಟ್ಟು ಮುಂದಕ್ಕೆ ಹೋಗುವ ಬೇಸಾಯ. ನೆರೆಯ ಕಂಚನಕುಮರಿ ಕಾಡಿನ ಹೆಸರಿನಲ್ಲಿಯೂ ಅದೇ ಶಬ್ದ ಕಾಣುವುದರಿಂದ ಎಡಕುಮೇರಿಯ ಉತ್ತರಪದಕ್ಕೆ ಈ ಅರ್ಥವನ್ನು ಹೇಳುವುದು ಅಸಂಗತವಾಗಲಾರದು. ಸ್ಥಳನಾಮದ ವಿಚಾರ ಇಲ್ಲಿಗೆ ಸಾಕು. ಪ್ರಕೃತಕ್ಕೆ ಬೇಕಾದುವು ಈ ಗುಡ್ಡಗಾಡಿನ ಮರಗಳು.

ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿಯೂ ಅವುಗಳ ಇಳಿಜಾರಿನ ಕಾಫಿತೋಟಗಳಲ್ಲಿಯೂ ಹಲಸು ಬೀಟೆಗಳು ಬೆಳೆಯುತ್ತವೆ. ಘಟ್ಟದ ಕಣಿವೆಗಳಲ್ಲಿ ಬಿದಿರೂ ಅದರ ಬಳಗದ ವಾಟೆಯೂ ಇವೆ. ಹಲಸಿನ ಮರದಿಂದ ವೀಣೆ ತಂಬೂರಿಗಳ ಕೊಡವನ್ನು ತೋಡುವುದು ದಕ್ಷಿಣದೇಶದಲ್ಲಿ ಬಹುಕಾಲದ ಪದ್ಧತಿ. ಬೀಟೆಯ ವಿಚಾರ ಅಷ್ಟು ಹಳೆಯದಲ್ಲ. ಪಾಶ್ಚಾತ್ಯರು ಗಿಟಾರಿನ ಬೆರಳುಹಲಗೆಗೆ ಮೊದಲು ಬ್ರೆಜಿಲ್ ದೇಶದ ಇದೇ ಕುಲದ ಮರವನ್ನು ಬಳಸುತ್ತಿದ್ದರು; 1960ರ ದಶಕದಲ್ಲಿ ಅದು ದುರ್ಲಭವಾಗುತ್ತ ಬಂದಂತೆ ದಕ್ಷಿಣ ಭಾರತದ ಬೀಟೆ ಆ ಸ್ಥಾನಕ್ಕೆ ಬಂದಿತು. ಬಿದಿರಿನ ಪಾತ್ರ ಇವೆರಡಕ್ಕಿಂತಲೂ ಚಿಕ್ಕದು, ಆದರೆ ಗಹನವಾದುದು. ಅದರ ಸಿಪ್ಪೆಯ ಒಂದು ಸಿವುರನ್ನು ತಂತಿಯ ಕೆಳಗಿಟ್ಟು ನಾದವನ್ನು ಬೇಕೆಂದೇ ಒರಟುಮಾಡುವ ವಿಧಾನವನ್ನು ಸಂಗೀತಶಾಸ್ತ್ರವು ಏಳುನೂರು ವರ್ಷಗಳಿಗೂ ಹಿಂದೆ ಬರೆದಿಟ್ಟಿದೆ.

ಇಂದು ವಿದ್ಯುತ್ ಗಿಟಾರನ್ನು ನುಡಿಸುವವರು ನಾದವನ್ನು ಒರಟುಮಾಡುವುದಕ್ಕೆ ಕಾಲಿನಿಂದ ಮೆಟ್ಟುವ ಒಂದು ಪೆಟ್ಟಿಗೆಯನ್ನು ಇಟ್ಟುಕೊಂಡಿರುವರು. ಇದನ್ನು ಡಿಸ್ಟಾರ್ಷನ್ ಪೆಡಲ್ ಎಂದು ಕರೆಯುವುದು ರೂಢಿ. ಇದು ಪಾಶ್ಚಾತ್ಯರ ಗದ್ದಲವೆಂದೂ ಭಾರತೀಯ ನಾದಕಲ್ಪನೆಗೆ ಹೊರಗಾದುದೆಂದೂ ಕೆಲವರು ಹೇಳುತ್ತಾರೆ. ಇದರಷ್ಟು ಹೊಸದು ಮತ್ತೊಂದಿಲ್ಲವೆಂಬುದು ಗಿಟಾರಿನ ತರುಣರ ಹೆಮ್ಮೆ. ಎರಡು ಮಾತುಗಳೂ ಅರ್ಧಸತ್ಯವೆಂದು ತಿಳಿಯುವುದಕ್ಕೆ ಬೇಕಾದ ಸಾಮಗ್ರಿ ಕನ್ನಡನಾಡಿನ ಸಂಗೀತಚರಿತ್ರೆಯಲ್ಲಿಯೇ ಇರುವುದು.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯಬೇಕು. ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ತಾಮ್ರದ ಎಳೆ ಸುತ್ತಿದ ಅಯಸ್ಕಾಂತವಿರುವುದು. ತಂತಿ ಅಲುಗಿದಾಗ ಆ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು, ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತನೆಯ ಪಾಲಿನ ಸುಮಾರಿನದು, ತಂತಿಯ ಚಲನೆಯಂತೆಯೇ ಏರಿ ಇಳಿಯುತ್ತ ಹುಟ್ಟುತ್ತದೆ. ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರುಗಳು ಈ ಅಲೆಯನ್ನು ಅನೇಕ ಪಟ್ಟು ದೊಡ್ಡದುಮಾಡುತ್ತವೆ. ಅಲ್ಲಿರುವ ಬ್ಯಾಟರಿಯು ಬಹುತೇಕ 9 ವೋಲ್ಟಿನದು. ಅದರ ಶಕ್ತಿಯನ್ನು ಮೀರಿ ಅಲೆ ಏಳಲಾರದು. ಅಲ್ಲದೆ ಎದುರುಬದುರಾಗಿ ಜೋಡಿಸಿದ ಎರಡು ಡಯೋಡುಗಳನ್ನಿಟ್ಟರೆ, ಸಿಲಿಕಾನಿನವಾದರೆ ಸುಮಾರು 0.6 ವೋಲ್ಟಿನಲ್ಲಿ, ಜರ್ಮೇನಿಯಮ್ಮಿನವಾದರೆ ಸುಮಾರು 0.3 ವೋಲ್ಟಿನಲ್ಲಿ, ಅಲೆಯ ತುದಿ ಕತ್ತರಿಸಿಹೋಗುವುದು. ಗುಡ್ಡದಂತೆ ದುಂಡಗಿದ್ದ ಅಲೆಯು ನೆತ್ತಿ ತರಿದ ದಿಬ್ಬದಂತೆ ಚಪ್ಪಟೆಯಾಗುತ್ತದೆ. ಅಲೆಯನ್ನು ಅಂಕಿಗಳನ್ನಾಗಿ ಪರಿವರ್ತಿಸದೆ ಅಲೆಯಾಗಿಯೇ ಇಟ್ಟುಕೊಂಡು ಈ ಕೆಲಸ ಮಾಡುವುದರಿಂದ ಇಂಥ ಪೆಟ್ಟಿಗೆಗೆ ಅನಲಾಗ್ ಎಂಬ ವಿಶೇಷಣ ಸೇರುತ್ತದೆ. ಕೈಗಳೆರಡೂ ತಂತಿಯ ಮೇಲಿರುವುದರಿಂದ ಕಾಲಿಗೆ ಈ ಅಧಿಕಾರ ಬಂದಿದೆ. ನಾಟಕದ ಕಂಪನಿಗಳ ಕಾಲುಹಾರ್ಮೋನಿಯಮ್ಮನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ನಡೆಯುವುದು ಲೋಪ. ಆದರೆ ಫಲವು ಲೋಪವಲ್ಲ, ಆಗಮ. ಅದು ಹೇಗೆಂದರೆ, ದುಂಡಗಿನ ಅಲೆಯಲ್ಲಿ ಒಂದೇ ಸ್ವರವಿರುತ್ತದೆ. ಅದನ್ನು ಕತ್ತರಿಸಿ ಮೂಲೆಗಳನ್ನು ಹುಟ್ಟಿಸಿದ ಕೂಡಲೆ ಆ ಸ್ವರದ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ವೇಗದ ಉಪಸ್ವರಗಳು ತಾವಾಗಿ ತೋರುತ್ತವೆ. ಮೂಲವು ಷಡ್ಜವಾದರೆ ಮೂರು ಪಟ್ಟಿನದು ಮೇಲಿನ ಸ್ಥಾಯಿಯ ಪಂಚಮ. ಐದು ಪಟ್ಟಿನದು ಅದಕ್ಕೂ ಮೇಲಿನ ಸ್ಥಾಯಿಯ ಅಂತರಗಾಂಧಾರ. ಅಲೆಯ ಮೇಲುಭಾಗವೂ ಕೆಳಭಾಗವೂ ಸಮನಾಗಿ ಕತ್ತರಿಸದೆ ಹೋದರೆ ಎರಡು, ನಾಲ್ಕು ಪಟ್ಟಿನ ಉಪಸ್ವರಗಳೂ ಸೇರುತ್ತವೆ. ಕಿವಿಗೆ ಒರಟೆಂದು ತೋರುವುದು ಈ ಉಪಸ್ವರಗಳ ಗುಂಪೇ ಹೊರತು ಬೇರೆಯಲ್ಲ.

ಈ ಕ್ರಿಯೆಗೆ ಪಾಶ್ಚಾತ್ಯರು ಇಟ್ಟ ಹೆಸರಿನಲ್ಲಿ ನಿಂದೆ ಅಡಗಿದೆ. ಸರಿಯಾಗಿದ್ದುದನ್ನು ಸೊಟ್ಟಗೆ ತಿರುಚುವುದು ಅದರ ಅರ್ಥ. ಕನ್ನಡಿಗರು ಅದನ್ನು ವಿಕಾರವೆಂದು ಹೇಳಹೊರಟರೆ ಕಷ್ಟ ಕಡಮೆಯಾಗುವುದಿಲ್ಲ, ಏಕೆಂದರೆ ಆಡುಮಾತಿನಲ್ಲಿ ವಿಕಾರವೆಂದರೆ ಕುರೂಪ. ಶಾಸ್ತ್ರಗಳಲ್ಲಿ ಹಾಗಿಲ್ಲ. ಸಾಂಖ್ಯರಿಗೆ ಮಹತ್ತೂ ಅಹಂಕಾರವೂ ಪ್ರಕೃತಿಯ ವಿಕಾರಗಳೇ. ಹಾಲಿಗೆ ಮೊಸರು ವಿಕಾರ, ಮಣ್ಣಿಗೆ ಮಡಕೆ ವಿಕಾರ. ಸಂಗೀತಶಾಸ್ತ್ರದಲ್ಲಿ ಶುದ್ಧಸ್ವರ ವಿಕೃತಸ್ವರಗಳೆಂಬ ವಿಭಾಗವುಂಟು. ವಿಕೃತವಾದ ಗಾಂಧಾರ ನಿಷಾದಗಳನ್ನು ಯಾರೂ ಕುರೂಪವೆಂದು ಎಣಿಸಲಿಲ್ಲ. ಆದಕಾರಣ ನಾದವಿಕಾರವೆಂಬ ಪದವನ್ನು ಈ ಲೇಖನದಲ್ಲಿ ಶಾಸ್ತ್ರೀಯವಾದ ಅರ್ಥದಲ್ಲಿಯೇ ಗ್ರಹಿಸಬೇಕು.

ಇನ್ನು ಬಿದಿರಿನ ಸಿವುರಿನ ವಿಚಾರ. ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿ 13ನೆಯ ಶತಮಾನದ ಪೂರ್ವಾರ್ಧದಲ್ಲಿ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ಬರೆದನು. ಇವನ ಮನೆತನ ಕಾಶ್ಮೀರದಿಂದ ಬಂದುದು. ಉದ್ಯೋಗ ಲೆಕ್ಕಪತ್ರದ ಅಧಿಕಾರ. ಸೇವುಣರ ಶಾಸನಗಳಲ್ಲಿ ಬಹುಸಂಖ್ಯೆ ಕನ್ನಡದಲ್ಲಿವೆಯೆಂಬುದೂ, ಅವರಿಗೆ ಮುಂಚೆಯೇ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಸಂಗೀತವಿಷಯವನ್ನು ವಿಸ್ತರಿಸಿದನೆಂಬುದೂ, ಅವನ ಮಗನಾದ ಜಗದೇಕಮಲ್ಲನ ಹೆಸರಿನಲ್ಲಿ ಸಂಗೀತಚೂಡಾಮಣಿಯೆಂಬ ಗ್ರಂಥವಿದೆಯೆಂಬುದೂ ಇತಿಹಾಸಜ್ಞರಿಗೆ ತಿಳಿದ ವಿಷಯ. ರತ್ನಾಕರದ ಆರನೆಯದಾದ ವಾದ್ಯಾಧ್ಯಾಯದಲ್ಲಿ ಏಕತಂತ್ರಿ, ನಕುಲ, ತ್ರಿತಂತ್ರಿ, ಆಲಾಪಿನಿ, ಕಿನ್ನರಿ ಮೊದಲಾದ ವೀಣೆಗಳನ್ನು ಹೇಳುವಾಗ ಗ್ರಂಥಕರ್ತನು ಒಂಟಿತಂತಿಯ ಏಕತಂತ್ರಿಗೆ ಅಗ್ರಸ್ಥಾನ ಕೊಟ್ಟಿರುತ್ತಾನೆ. ಆ ವೀಣೆಯ ತುದಿಯಲ್ಲಿ ಕಕುಭವೆಂಬ ಮರದ ತುಂಡು, ಅದರ ಮೇಲೆ ಲೋಹದ ಪತ್ರಿಕೆ, ಪತ್ರಿಕೆಯ ಮೇಲೆ ಹಾಯುವ ತಂತಿ. ತಂತಿಗೂ ಪತ್ರಿಕೆಗೂ ನಡುವೆ ಬಲಿತ ಬಿದಿರಿನ ಸಿಪ್ಪೆಯ ತೆಳುವಾದ ತುಣುಕನ್ನು ಸಿಕ್ಕಿಸಬೇಕೆಂದು ವಿಧಿ. ಅದರ ಹೆಸರು ಜೀವಾ.

ಈ ಹೆಸರನ್ನು ಲಘುವಾಗಿ ದಾಟಿ ಹೋಗುವಂತಿಲ್ಲ. ತಂತಿ ಪತ್ರಿಕೆಯ ಮೇಲೆ ಬಿಗಿಯಾಗಿ ಕುಳಿತಿದ್ದರೆ ನಾದ ಶುದ್ಧವಾಗಿ, ಬಡವಾಗಿ, ಬೇಗನೆ ಆರಿಹೋಗುತ್ತದೆ. ನಡುವೆ ಜೀವೆಯನ್ನು ಸರಿಸಿದಾಗ ತಂತಿ ಅದನ್ನು ತಾಗಿಯೂ ತಾಗದಂತೆ ಮಿಡಿದು ಝೇಂಕರಿಸುತ್ತದೆ. ತಂತಿಯ ನಿರ್ಬಾಧವಾದ ಕಂಪನಕ್ಕೆ ಅಡ್ಡಿಮಾಡುವ ವಸ್ತುವೊಂದನ್ನು ಪ್ರಾಚೀನರು ಅಡ್ಡಿಯೆಂದಾಗಲಿ ಕಶ್ಮಲವೆಂದಾಗಲಿ ಕರೆಯದೆ ಜೀವವೆಂದು ಕರೆದರು. ಅಷ್ಟೇ ಅಲ್ಲ; ಏಕತಂತ್ರಿಯ ಒಂದೊಂದು ಅಂಗವನ್ನೂ ಒಂದೊಂದು ದೇವತೆಯಾಗಿ ಭಾವಿಸುವ ಸಂದರ್ಭದಲ್ಲಿ ಶಾರ್ಙ್ಗದೇವನು ದಂಡವನ್ನು ಶಂಭುವೆಂದೂ ತಂತಿಯನ್ನು ಉಮೆಯೆಂದೂ ಸೋರೆಬುರುಡೆಯನ್ನು ಬ್ರಹ್ಮನೆಂದೂ ದಾರವನ್ನು ವಾಸುಕಿಯೆಂದೂ ಹೇಳಿ, ಜೀವೆಯನ್ನು ಚಂದ್ರನೆನ್ನುತ್ತಾನೆ. ಸಿವುರಿನಷ್ಟು ಬಿದಿರಿಗೆ ಅಮೃತಕಿರಣನ ಪಟ್ಟ! ವಿಜಯನಗರದಲ್ಲಿ 15ನೆಯ ಶತಮಾನದಲ್ಲಿ ಕಲ್ಲಿನಾಥನು ಈ ಗ್ರಂಥಕ್ಕೆ ಬರೆದ ವ್ಯಾಖ್ಯಾನದ ಹೆಸರು ಕಲಾನಿಧಿ; ಅದೂ ಚಂದ್ರನ ಹೆಸರೇ. ಇದು ಆಕಸ್ಮಿಕವಾಗಿರಬಹುದು, ಆದರೆ ರಸಿಕರಿಗೆ ಬೇಸರವಾಗಲಾರದು.

ಎಡಕುಮೇರಿಯ ಬೆಟ್ಟಗಳಿಗೆ ಸಮೀಪದ ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ದೇವಾಲಯವುಂಟು. ಅದೇ ಜಿಲ್ಲೆಯ ಹಳೇಬೀಡು ಮೊದಲಾದ ಹೊಯ್ಸಳ ಗುಡಿಗಳ ಶಿಲ್ಪಗಳಲ್ಲಿ ದಂಡವೀಣೆಯನ್ನು ಹಿಡಿದ ಮೂರ್ತಿಗಳು ಕಾಣಸಿಗುತ್ತವೆ. ಶಿಲ್ಪಿಯು ದಂಡವನ್ನು ಕಡೆದಿದ್ದಾನೆ, ಬುರುಡೆಯನ್ನು ಕಡೆದಿದ್ದಾನೆ, ಬೆರಳಿನ ಉಗುರನ್ನೂ ಬಿಟ್ಟಿಲ್ಲ. ಜೀವೆಯನ್ನು ಕಲ್ಲಿನಲ್ಲಿ ತೋರಿಸುವ ಉಪಾಯ ಮಾತ್ರ ಅವನಿಗೂ ಇರಲಿಲ್ಲ. ವಾದ್ಯಗಳ ಚರಿತ್ರೆಯನ್ನು ಶಿಲ್ಪಗಳಿಂದಲೇ ಬರೆಯಹೊರಟವರು ಇದನ್ನು ನೆನಪಿನಲ್ಲಿಡಬೇಕು. ನಾದದ ಮರ್ಮವು ಅನೇಕ ವೇಳೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಅಂಗದಲ್ಲಿರುತ್ತದೆ.

ಏಕತಂತ್ರಿ ಮರೆಯಾಯಿತು, ಅದರ ಜೀವಾ ಉಳಿಯಿತು. ಶ್ರುತಿವಾದ್ಯವಾಗಿ ತಂಬೂರಿಯು ನೆಲೆಗೊಂಡಾಗ ಬಿದಿರಿನ ಬದಲು ನೂಲೆಳೆ ಬಂದಿತು. ಪಂಚಮ, ಸಾರಣಿ, ಅನುಸಾರಣಿ, ಮಂದ್ರವೆಂಬ ನಾಲ್ಕು ತಂತಿಗಳು ಅಗಲವಾದ ಕುದುರೆಯ ಇಳಿಜಾರು ಮೈಮೇಲೆ ಹಾಯುತ್ತವೆ. ಒಂದೊಂದು ತಂತಿಗೂ ಕುದುರೆಗೂ ನಡುವೆ ಒಂದೊಂದು ಎಳೆ ನೂಲನ್ನು ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಮುಂದಕ್ಕೂ ಹಿಂದಕ್ಕೂ ಜರುಗಿಸುತ್ತ ಹೋದರೆ ಒಂದು ಎಡೆಯಲ್ಲಿ ನಾದವು ಹಠಾತ್ತನೆ ಅರಳುತ್ತದೆ. ಈ ಅರಳುವಿಕೆಗೆ ಕನ್ನಡದ ಸಂಗೀತಗಾರರು ಜೀವಾಳವೆನ್ನುವರು, ಹಿಂದುಸ್ತಾನಿಯವರು ಜವಾರಿಯೆನ್ನುವರು. ಸಾಮಾನ್ಯ ಕನ್ನಡದಲ್ಲಿಯೂ ಜೀವಾಳವೆಂದರೆ ವಸ್ತುವಿನ ಸಾರಭೂತವಾದ ಅಂಶ. ಶ್ರುತಿ ಸೇರಿದ ತಂಬೂರಿಯ ಮಂದ್ರದ ತಂತಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಪ್ರಸಿದ್ಧವಾಗಿದೆ. ಇಂತಹ ಸ್ವತಃಸಿದ್ಧ ಸ್ವರಗಳನ್ನು ರಾಮಾಮಾತ್ಯನು 1550ರ ಸ್ವರಮೇಳಕಲಾನಿಧಿಯಲ್ಲಿ ಸ್ವಯಂಭೂ ಎಂದು ಕರೆದಿರುವನು.

ಇದರ ಭೌತಿಕ ಕಾರಣವನ್ನು ಅರಸಿದವರಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಮುಖ್ಯರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಯುರೋಪಿನ ಯಂಗ್, ಹೆಲ್ಮ್‌ಹೋಲ್ಟ್ಸ್ ಎಂಬವರ ಹೆಸರಿನ ನಿಯಮ. ಕಲ್ಕತ್ತೆಯಲ್ಲಿದ್ದಾಗ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರಾಮನ್ನರು ತಂಬೂರಿ ವೀಣೆಗಳು ಈ ನಿಯಮಕ್ಕೆ ಒಳಪಡುವುದಿಲ್ಲವೆಂದು ತೋರಿಸಿದರು. ಹುಟ್ಟಬಾರದ ಉಪಸ್ವರಗಳೇ ಅಲ್ಲಿ ಬಲವಾಗಿ ಕೇಳುತ್ತವೆ. ತಂತಿಯ ತುದಿ ಒಂದು ಚೂಪಾದ ಅಂಚಿನಲ್ಲಿ ನಿಲ್ಲದೆ ಕುದುರೆಯ ಬಾಗಿದ ಮೈಯನ್ನು ಕಂಪನಕಂಪನಕ್ಕೂ ತಾಗಿ ಬಿಡುವುದೇ ಇದಕ್ಕೆ ಕಾರಣ. ತಾಗಿದಾಗಲೆಲ್ಲ ಮೂಲಸ್ವರದ ಶಕ್ತಿಯಲ್ಲಿ ಒಂದು ಪಾಲು ಉಪಸ್ವರಗಳಿಗೆ ಹಂಚಿಹೋಗುತ್ತದೆ. ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲೆಸಿದರೆಂಬುದನ್ನು ಕನ್ನಡಿಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಹೀಗೆ ತಂಬೂರಿಯ ಕುದುರೆಯೂ ಗಿಟಾರಿನ ಪೆಟ್ಟಿಗೆಯೂ ಮಾಡುವುದು ಒಂದೇ ಜಾತಿಯ ಕೆಲಸ. ತಂತಿಯ ಸಹಜಚಲನೆಗೆ ಒಂದು ಮೇರೆಯನ್ನು ಹಾಕಿ, ಆ ಮೇರೆಗೆ ಬಡಿಯುವುದರಿಂದ ಉಪಸ್ವರಗಳನ್ನು ಎಬ್ಬಿಸುವುದು. ಕುದುರೆ ಅದನ್ನು ಮರದಿಂದಲೋ ಮೂಳೆಯಿಂದಲೋ ಮಾಡುತ್ತದೆ. ಡಯೋಡು ವಿದ್ಯುತ್ತಿನಿಂದ ಮಾಡುತ್ತದೆ. ತಂತಿವಾದ್ಯಗಳಲ್ಲಿಯೇ ಈ ಅಭಿರುಚಿ ನಿಂತಿಲ್ಲ. ಮೃದಂಗದ ಬಲಮುಖದ ಚರ್ಮಗಳ ನಡುವೆ ಸಣ್ಣ ಕಡ್ಡಿಗಳನ್ನು ಸೇರಿಸಿ ನಾದಕ್ಕೆ ಝೇಂಕಾರ ಕೊಡುವ ಪದ್ಧತಿಯುಂಟು. ಹಳ್ಳಿಗಳಲ್ಲಿ ಉರುಮೆಯ ಚರ್ಮದ ಮೇಲೆ ಬಾಗಿದ ಕೋಲನ್ನು ಉಜ್ಜಿ ಹೊರಡಿಸುವ ಗುರುಗುಟ್ಟುವಿಕೆಯನ್ನು ಕೇಳಿದವರು ಶುದ್ಧನಾದವೊಂದೇ ಈ ನಾಡಿನ ಆದರ್ಶವೆಂದು ಹೇಳಲಾರರು.

ಗಿಟಾರಿನ ಪೆಟ್ಟಿಗೆಯ ಜನ್ಮವೃತ್ತಾಂತ ಇದಕ್ಕಿಂತ ಬಹಳ ಭಿನ್ನ. ಅಲ್ಲಿ ಒರಟುನಾದವನ್ನು ಯಾರೂ ಶಾಸ್ತ್ರವಾಗಿ ವಿಧಿಸಲಿಲ್ಲ; ಕೆಟ್ಟುಹೋದ ಸಾಮಾನಿನಿಂದ ಅದು ಹುಟ್ಟಿತು. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ರಾಕೆಟ್ 88 ಎಂಬ ಹಾಡಿನ ಧ್ವನಿಮುದ್ರಣಕ್ಕೆ ಬಂದ ವಿಲ್ಲಿ ಕೈಜಾರ್ಟ್ ಎಂಬ ಗಿಟಾರುಗಾರನ ಧ್ವನಿವರ್ಧಕವು ದಾರಿಯಲ್ಲಿ ಕೆಟ್ಟಿತ್ತು. ಒಳಗೆ ಕಾಗದ ತುರುಕಿ ಹೇಗೋ ನುಡಿಸಿದರು. ಬಂದ ಒರಟುನಾದ ಚೆನ್ನಾಗಿದೆಯೆಂದು ಹಾಗೆಯೇ ಬಿಟ್ಟರು. ಹತ್ತು ವರ್ಷಗಳ ತರುವಾಯ ನ್ಯಾಶ್‌ವಿಲ್ ನಗರದಲ್ಲಿ ಮತ್ತೊಮ್ಮೆ ಇಂಥದೇ ಆಯಿತು. ಮಾರ್ಟಿ ರಾಬಿನ್ಸನ ಡೋಂಟ್ ವರಿ ಎಂಬ, 1961ರಲ್ಲಿ ಹೊರಬಂದ ಹಾಡಿಗೆ ಗ್ರೇಡಿ ಮಾರ್ಟಿನ್ ಎಂಬಾತನು ನುಡಿಸುತ್ತಿದ್ದಾಗ ಧ್ವನಿಮುದ್ರಣದ ಯಂತ್ರದ ಒಂದು ಭಾಗ ಕೆಟ್ಟು, ಅವನ ತಂತಿ ದುಂಬಿಯಂತೆ ಮೊರೆಯಿತು. ಅಲ್ಲಿದ್ದ ಯಂತ್ರಜ್ಞ ಗ್ಲೆನ್ ಸ್ನಾಡಿಯು ಆ ಕೇಡನ್ನು ಸರಿಪಡಿಸಿ ಸುಮ್ಮನಾಗಲಿಲ್ಲ. ಅದೇ ಕೇಡನ್ನು ಬೇಕೆಂದಾಗ ಬರಿಸುವ ಮಂಡಲವೊಂದನ್ನು ಟ್ರಾನ್ಸಿಸ್ಟರುಗಳಿಂದ ರಚಿಸಿದನು. ಗಿಬ್ಸನ್ ಕಂಪನಿಯವರು ಅದನ್ನು ಕೊಂಡು 1962ರಲ್ಲಿ ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಿಂದ ಮಾರಾಟಕ್ಕಿಟ್ಟರು. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳು, ಒಂದೂವರೆ ವೋಲ್ಟಿನ ಎರಡು ಬ್ಯಾಟರಿಗಳು, ಕಾಲಿನ ಒಂದು ಗುಂಡಿ: ಈ ಜಾತಿಯ ಪೆಟ್ಟಿಗೆಗಳ ಆದಿಪುರುಷನ ಸಾಮಗ್ರಿ ಇಷ್ಟೆ.

ಮಾರಿದವರಿಗೂ ಅದರ ಸ್ವರೂಪ ತಿಳಿದಿರಲಿಲ್ಲವೆಂಬುದು ಇಲ್ಲಿಯ ವಿನೋದ. ಗಿಟಾರಿನಿಂದ ತುತ್ತೂರಿ ಮೊದಲಾದ ಊದುವ ವಾದ್ಯಗಳ ನಾದವನ್ನೂ ಚೆಲ್ಲೋ ಎಂಬ ಕಮಾನುವಾದ್ಯದ ನಾದವನ್ನೂ ಅನುಕರಿಸಬಹುದೆಂದು ಅವರು ಪ್ರಚಾರಮಾಡಿದರು. ಮೊದಲ ವರ್ಷಗಳಲ್ಲಿ ಕೊಳ್ಳುವವರು ವಿರಳ. 1965ರಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಮೇಳದ ಕೀತ್ ರಿಚರ್ಡ್ಸನು ಸ್ಯಾಟಿಸ್ಫ್ಯಾಕ್ಷನ್ ಎಂಬ ಹಾಡಿನಲ್ಲಿ ಅದನ್ನು ಮೆಟ್ಟಿದನು. ಅವನ ಉದ್ದೇಶವೂ ಮುಂದೆ ತುತ್ತೂರಿಗಳು ನುಡಿಸಬೇಕಾದ ಪಲ್ಲವಿಯನ್ನು ಸದ್ಯಕ್ಕೆ ಗುರುತುಮಾಡಿಡುವುದಷ್ಟೇ. ಗುರುತೇ ಹಾಡಾಗಿ ಉಳಿಯಿತು. ಪ್ರತಿನಿಧಿಯಾಗಿ ಬಂದದ್ದು ಮುಖ್ಯವನ್ನು ಹೊರದೂಡುವುದು ಲಕ್ಷಣೆಯ ಚರಿತ್ರೆಯಲ್ಲಿ ಆಲಂಕಾರಿಕರು ಬಲ್ಲ ಸಂಗತಿ. ಪ್ರವೀಣನೆಂದರೆ ವೀಣೆ ಬಲ್ಲವನೆಂಬ ಅರ್ಥ ಹೋಗಿ ಕುಶಲನೆಂಬುದೇ ನಿಂತಂತೆ. ಅದಾದ ಮೇಲೆ ಫಜ್ ಫೇಸ್ 1966ರಲ್ಲಿಯೂ, ಬಿಗ್ ಮಫ್ ಆ ದಶಕದ ಕೊನೆಯಲ್ಲಿಯೂ, ಜಪಾನಿನ ಬಾಸ್ ಕಂಪನಿಯ ಡಿಎಸ್-1 ಎಂಬುದು 1978ರಲ್ಲಿಯೂ ಬಂದುವು. ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಹವೆಯ ಬಿಸಿಗೆ ತಕ್ಕಂತೆ ಸ್ವಭಾವ ಬದಲಿಸುವುದರಿಂದ ಸಿಲಿಕಾನ್ ಅವುಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು. ತಂಬೂರಿಯೂ ಹವೆಗೆ ಮುನಿಯುವ ವಾದ್ಯವೇ ತಾನೆ?

ಸಾದೃಶ್ಯವನ್ನು ಇಷ್ಟು ಹೇಳಿದ ಮೇಲೆ ಭೇದವನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಜೀವಾಳವು ಒಂದೊಂದು ತಂತಿಗೂ ಪ್ರತ್ಯೇಕ. ಪಂಚಮದ ನೂಲು ಪಂಚಮಕ್ಕೆ ಮಾತ್ರ ಸಂಬಂಧಿಸಿದ್ದು. ನಾಲ್ಕು ತಂತಿಗಳ ಉಪಸ್ವರಗಳು ಹುಟ್ಟಿದ ಮೇಲೆ ಗಾಳಿಯಲ್ಲಿ ಕೂಡುತ್ತವೆ. ಪೆಟ್ಟಿಗೆಯಲ್ಲಿ ಹಾಗಿಲ್ಲ. ಗಿಟಾರಿನ ಆರು ತಂತಿಗಳ ಅಲೆಗಳೂ ಮೊದಲೇ ಕೂಡಿ ಒಂದಾಗಿ ಬಂದು ಡಯೋಡಿಗೆ ಬಡಿಯುತ್ತವೆ. ಆಗ ಒಂದೊಂದು ಸ್ವರದ ಉಪಸ್ವರಗಳು ಮಾತ್ರವಲ್ಲದೆ, ಎರಡೆರಡು ಸ್ವರಗಳ ವೇಗಗಳನ್ನು ಕೂಡಿದ ಮತ್ತು ಕಳೆದ ವೇಗಗಳ ಮೂರನೆಯ ಸ್ವರಗಳೂ ಹುಟ್ಟುತ್ತವೆ. ಷಡ್ಜ ಪಂಚಮಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ವೇಗ ಎರಡಕ್ಕೆ ಮೂರು. ಕಳೆದರೆ ಬರುವುದು ಒಂದು, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಆಧಾರವೇ ತಾನಾಗಿ ಬಂದು ಸೇರುತ್ತದೆ. ಷಡ್ಜದೊಡನೆ ಗಾಂಧಾರವನ್ನು ಸೇರಿಸಿದರೆ ಈ ಭಾಗ್ಯವಿಲ್ಲ. ಗಿಟಾರಿನ ಮೆಟ್ಟಿಲುಗಳು ಸಮಭಾಗದ ಹನ್ನೆರಡು ಸ್ವರಗಳಿಗೆ ಕೂಡಿಸಿದವು. ಅಲ್ಲಿಯ ಪಂಚಮ ಸ್ವಯಂಭೂ ಪಂಚಮಕ್ಕೆ ಬಹು ಹತ್ತಿರವಿದ್ದರೂ ಅಲ್ಲಿಯ ಗಾಂಧಾರ ಸ್ವಯಂಭೂ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಮೇಲಿದೆ. ಸಾಧಾರಣವಾಗಿ ಕಿವಿ ಇದನ್ನು ಕ್ಷಮಿಸುತ್ತದೆ. ಪೆಟ್ಟಿಗೆಯನ್ನು ಮೆಟ್ಟಿದ ಮೇಲೆ ಹುಟ್ಟಿದ ನೂರಾರು ಉಪಸ್ವರಗಳು ಒಂದಕ್ಕೊಂದು ಹೊಂದದೆ ಕೆಸರಾಗುತ್ತವೆ.

ಇದರ ಫಲವಾಗಿ, ಒರಟುನಾದದ ಮೇಳಗಳವರು ಮೂರು ನಾಲ್ಕು ಸ್ವರಗಳ ಪಾಶ್ಚಾತ್ಯ ಸ್ವರಗುಚ್ಛಗಳನ್ನು ಬಹುಮಟ್ಟಿಗೆ ತೊರೆದು ಬರಿಯ ಷಡ್ಜ ಪಂಚಮಗಳ ಜೋಡಿಯನ್ನೇ ಆಶ್ರಯಿಸಿರುವರು. ಇದನ್ನು ಅವರು ಪವರ್ ಕಾರ್ಡ್ ಎನ್ನುತ್ತಾರೆ. ತಂಬೂರಿಗೆ ಷಡ್ಜ ಪಂಚಮಗಳು ಏಕೆಂದು ಕೇಳಿದರೆ ಶಿಷ್ಯರು ಸಂಪ್ರದಾಯವೆಂದು ಉತ್ತರ ಹೇಳುವುದುಂಟು. ತಂಬೂರಿಯ ಹೆಸರನ್ನೇ ಕೇಳದ ಜನರು, ಬೇರೊಂದು ಖಂಡದಲ್ಲಿ, ಬೇರೊಂದು ಕಾರ್ಯಕ್ಕಾಗಿ ನಾದಕ್ಕೆ ಉಪಸ್ವರಗಳನ್ನು ತುಂಬಿಸಹೋಗಿ ಅದೇ ಎರಡು ಸ್ವರಗಳಿಗೆ ಬಂದು ನಿಂತರೆಂಬುದು ಆ ಸಂಪ್ರದಾಯಕ್ಕೆ ವಸ್ತುಸ್ವಭಾವದಲ್ಲಿಯೇ ಬೇರಿದೆಯೆಂದು ಸೂಚಿಸುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ಬಲವಾದ ಪ್ರಮಾಣವು ಗ್ರಂಥಗಳಲ್ಲಿ ಸಿಕ್ಕುವುದು ಕಷ್ಟ.

ಎರಡನೆಯ ಭೇದ ಮೀಟಿಗೆ ಸಂಬಂಧಿಸಿದುದು. ಅಲೆಯ ತುದಿಯನ್ನು ಒಂದೇ ಎತ್ತರದಲ್ಲಿ ಕತ್ತರಿಸುವ ಯಂತ್ರಕ್ಕೆ ಮೆಲ್ಲನೆಯ ಮೀಟೂ ಬಿರುಸಾದ ಮೀಟೂ ಹೆಚ್ಚುಕಡಮೆ ಒಂದೇ. ವೈಣಿಕನ ಬೆರಳಿನ ತಾರತಮ್ಯ ಅಲ್ಲಿ ಬಹಳಷ್ಟು ಅಳಿದುಹೋಗುತ್ತದೆ. ಇದು ದೊಡ್ಡ ನಷ್ಟ, ಮುಚ್ಚಿಡಬೇಕಾದುದಿಲ್ಲ. ಆದರೆ ಅದರ ಜೊತೆಗೇ ಒಂದು ಲಾಭವಿದೆ. ಕ್ಷೀಣಿಸುತ್ತಿರುವ ನಾದವನ್ನೂ ಯಂತ್ರವು ಅದೇ ಎತ್ತರಕ್ಕೆ ಏರಿಸಿ ಹಿಡಿಯುವುದರಿಂದ ಒಂದು ಮೀಟಿನ ಆಯುಸ್ಸು ಹೆಚ್ಚುತ್ತದೆ. ತಂತಿಯನ್ನು ಎಳೆದು ಜಾರು ಕಂಪಿತಗಳನ್ನು ತೋರಿಸುವುದಕ್ಕೆ ಎಡೆ ದೊರೆಯುತ್ತದೆ. ಗಮಕಪ್ರಧಾನವಾದ ಕರ್ಣಾಟಕ ಸಂಗೀತವನ್ನು ವಿದ್ಯುತ್ ಗಿಟಾರಿಗೆ ತರುವವರಿಗೆ ಈ ಗುಣ ಸಹಾಯಕವಾಗಿದೆ.

ಇದು ದೋಷವೋ ಗುಣವೋ ಎಂಬ ವಿಚಾರಕ್ಕೆ ಸಂಗೀತಗ್ರಂಥಗಳಿಗಿಂತ ಅಲಂಕಾರಶಾಸ್ತ್ರವೇ ಹೆಚ್ಚು ಉಪಕಾರಿ. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನ. ಮಾರ್ಗಕಾರನು ಅನುಸರಿಸಿದ ದಂಡಿಯು, ವಿರೋಧವೆಂಬ ದೋಷವೂ ಕವಿಯ ಕೌಶಲದಿಂದ ದೋಷಗಳ ಲೆಕ್ಕವನ್ನು ದಾಟಿ ಗುಣಗಳ ಬೀದಿಗೆ ಬರುವುದುಂಟೆಂದು ಒಪ್ಪಿರುತ್ತಾನೆ. ಕಾಶ್ಮೀರದಲ್ಲಿ ಅದೇ 9ನೆಯ ಶತಮಾನದಲ್ಲಿ ಆನಂದವರ್ಧನನು ಇನ್ನೂ ಸೂಕ್ಷ್ಮವಾಗಿ, ಶ್ರುತಿದುಷ್ಟ ಮೊದಲಾದುವು ಅನಿತ್ಯದೋಷಗಳು, ಶೃಂಗಾರಧ್ವನಿಯಲ್ಲಿಯೇ ಅವು ತ್ಯಾಜ್ಯ ಎಂದನು. ಕಿವಿಗೆ ಕಟುವಾದುದು ಎಲ್ಲೆಡೆಯೂ ದೋಷವಲ್ಲ; ರೌದ್ರದಲ್ಲಿ ಅದೇ ಬೇಕು. ವ್ಯಾಕರಣ ತಪ್ಪಿದ ಪ್ರಯೋಗದಂತೆ ಇದು ನಿತ್ಯದೋಷವಲ್ಲವೆಂಬುದು ಪರವರ್ತಿಗಳಾದ ಮಮ್ಮಟಾದಿಗಳಿಗೂ ಸಮ್ಮತ. ಆದರೆ ಶಾರ್ಙ್ಗದೇವನು ಕಂಠಧ್ವನಿಗಳನ್ನು ವಿಭಾಗಿಸುವಾಗ ಬೊಂಬಕವೆಂಬುದನ್ನು ಹರಳುಗಿಡದ ಕಾಂಡದಂತೆ ಒಳಗೆ ಸಾರವಿಲ್ಲದ ಒರಟುಧ್ವನಿಯೆಂದು ಹಳಿದಿರುವುದನ್ನೂ ಮರೆಯಬಾರದು. ಒರಟುತನದ ಜೊತೆಗೆ ನಿಸ್ಸಾರತೆ ಸೇರಿದಾಗ ಅವನು ನಿಂದಿಸುತ್ತಾನೆ; ಒರಟುತನವೇ ಸಾರವನ್ನು ತುಂಬುವಾಗ ಅದಕ್ಕೆ ಚಂದ್ರನೆಂಬ ಹೆಸರಿಡುತ್ತಾನೆ. ಗಿಟಾರಿನ ಪೆಟ್ಟಿಗೆಗೂ ಇದೇ ಒರೆಗಲ್ಲು ಸಾಕು. ಸ್ವರಸ್ಥಾನದ ಅಭ್ಯಾಸವಿಲ್ಲದವನು ಅದನ್ನು ಮೆಟ್ಟಿದಾಗ ಬರುವುದು ಬೊಂಬಕವೇ.

ವಾದ್ಯಗಳ ವಿಷಯದಲ್ಲಿ ಅವಸರದ ಬಹಿಷ್ಕಾರಕ್ಕೆ ಈ ದೇಶದಲ್ಲಿ ಒಂದು ಪೂರ್ವೋದಾಹರಣೆಯಿದೆ. ಹಾರ್ಮೋನಿಯಮ್ಮಿನ ಸ್ವರಗಳು ಸ್ಥಿರವೆಂದೂ ಗಮಕಕ್ಕೆ ಒಗ್ಗವೆಂದೂ 1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಅದನ್ನು ಹೊರಗಿಟ್ಟರು. ಆ ನಿಷೇಧ ಸಡಿಲವಾದುದು 1971ರಲ್ಲಿ. ಆಕ್ಷೇಪಣೆಯಲ್ಲಿ ಸತ್ಯವಿರಲಿಲ್ಲವೆಂದಲ್ಲ. ಆದರೆ ಅಷ್ಟು ಕಾಲವೂ ಕನ್ನಡದ ರಂಗಭೂಮಿ ಹಾರ್ಮೋನಿಯಮ್ಮನ್ನು ಬಿಟ್ಟಿರಲಿಲ್ಲ. ಕಂಪನಿ ನಾಟಕದ ಕಂದಗಳೂ ಸೀಸಪದ್ಯಗಳೂ ಅದರ ಆಶ್ರಯದಲ್ಲಿಯೇ ಬಾಳಿದುವು.

ಜೀವಾಳಕ್ಕೂ ವಿದ್ಯುತ್ತಿಗೂ ಕನ್ನಡನಾಡಿನಲ್ಲಿ ನೇರವಾದ ಸಂಬಂಧ ಒದಗಿದುದು ಗಿಟಾರಿನಿಂದಲ್ಲ, ತಂಬೂರಿಯಿಂದಲೇ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಕೊಳಲುವಾದಕರೂ ಯಂತ್ರಶಾಸ್ತ್ರಜ್ಞರೂ ಆಗಿದ್ದು, 1970ರ ದಶಕದ ಅಂತ್ಯದಿಂದ ರಾಡೆಲ್ ಸಂಸ್ಥೆಯ ಮೂಲಕ ಶ್ರುತಿ, ತಾಳ, ತಂಬೂರಿಗಳಿಗೆ ಎಲೆಕ್ಟ್ರಾನಿಕ್ ಯಂತ್ರಗಳನ್ನು ನಿರ್ಮಿಸಿದರು. ಇಲ್ಲಿಯ ಸಮಸ್ಯೆಯನ್ನು ವಾಚಕರು ಊಹಿಸಬಹುದು. ಯಂತ್ರದಿಂದ ಶುದ್ಧವಾದ ಷಡ್ಜವನ್ನು ಹೊರಡಿಸುವುದು ಸುಲಭ. ಆದರೆ ಅದು ತಂಬೂರಿಯಾಗುವುದಿಲ್ಲ, ಬರಿಯ ಸಿಳ್ಳಾಗುತ್ತದೆ. ಅದು ತಂಬೂರಿಯೆನಿಸಿಕೊಳ್ಳಬೇಕಾದರೆ ಉಪಸ್ವರಗಳ ಝೇಂಕಾರವನ್ನು, ಅಂದರೆ ಪಾಶ್ಚಾತ್ಯ ಯಂತ್ರಜ್ಞರು ಬಹುಕಾಲ ಕೇಡೆಂದು ಎಣಿಸಿ ನೀಗಿಸಲು ಶ್ರಮಿಸಿದ ಅಂಶವನ್ನು, ಉದ್ದೇಶಪೂರ್ವಕವಾಗಿ ತುಂಬಿಸಬೇಕು. ನ್ಯಾಶ್‌ವಿಲ್ಲಿನ ಯಂತ್ರಜ್ಞನು ಆಕಸ್ಮಿಕವಾಗಿ ಕಂಡುಕೊಂಡು ಪೆಟ್ಟಿಗೆಯಲ್ಲಿ ಹಿಡಿದದ್ದನ್ನು ಬೆಂಗಳೂರಿನ ಯಂತ್ರಜ್ಞರು ನೂರಾರು ವರ್ಷಗಳ ಕಿವಿಯ ಅಪೇಕ್ಷೆಯಿಂದ ಅರಸಬೇಕಾಯಿತು. ಇಂದು ಅನೇಕ ಕಚೇರಿಗಳಲ್ಲಿ ತಂಬೂರಿಯ ಎಡೆಯಲ್ಲಿ ಇಂಥ ಯಂತ್ರವೇ ಮಿನುಗುತ್ತಿರುವುದು. ಹಲಸಿನ ತಂಬೂರಿಯ ಮುಂದೆ ಅದು ಸೋಲುತ್ತದೆಂಬ ವಿದ್ವಾಂಸರ ಅಭಿಪ್ರಾಯ ಸರಿಯಾದುದೇ. ಸೋಲುವುದು ಎಲ್ಲಿ ಎಂದರೆ, ಜೀವಾಳದಲ್ಲಿ.

ಒರಟುನಾದದ ಗಿಟಾರಿಗೂ ಬೆಂಗಳೂರು ನೆಲೆಯಾಗಿದೆ. 2007ರ ಮಾರ್ಚಿಯಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಎಂಬ ವಿದೇಶದ ಮೇಳಗಳು ಅರಮನೆ ಮೈದಾನದಲ್ಲಿ ಕಚೇರಿ ನಡೆಸಿದಾಗ ಸಾವಿರಾರು ತರುಣರು ನೆರೆದರು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬ ಈ ಊರಿನ ಮೇಳವು ಯುರೋಪಿನಲ್ಲಿಯೂ ನುಡಿಸಿ ಬಂದಿದೆ. ಇವು ರೌದ್ರದ ಕ್ಷೇತ್ರ. ಆನಂದವರ್ಧನನ ವಿನಾಯಿತಿ ಇವಕ್ಕೆ ಸಲ್ಲುತ್ತದೆ. ಅದಕ್ಕಿಂತ ವಿಚಾರಾರ್ಹವಾದುದು 2003ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಗಮ್ ಎಂಬ ಮೇಳ. ಇವರು ಕರ್ಣಾಟಕ ಸಂಗೀತದ ಕೃತಿಗಳನ್ನೂ, ಸ್ವಾತಿತಿರುನಾಳರ ಧನಾಶ್ರೀ ತಿಲ್ಲಾನದಂತಹ ರಚನೆಗಳನ್ನೂ ಒರಟುನಾದದ ಗಿಟಾರಿನೊಡನೆ ಹಾಡುವರು. ರಘು ದೀಕ್ಷಿತರು 2008ರಲ್ಲಿ ಹೊರತಂದ ಮೊದಲ ಧ್ವನಿಸಂಪುಟದಲ್ಲಿ ಶಿಶುನಾಳ ಷರೀಫರ ತತ್ತ್ವಪದಕ್ಕೆ ಗಿಟಾರಿನ ಹಿನ್ನೆಲೆ ದೊರೆಯಿತು. ತತ್ತ್ವಪದಕಾರರ ಕೈಯಲ್ಲಿದ್ದುದು ಏಕತಾರಿಯೋ ತಂಬೂರಿಯೋ ಆಗಿತ್ತಷ್ಟೆ. ಅದು ಶಾರ್ಙ್ಗದೇವನ ಏಕತಂತ್ರಿಗೆ ಬಡ ನೆಂಟ. ಇವುಗಳಲ್ಲಿ ಯಾವುದು ಕಾಲಾಂತರದಲ್ಲಿ ನಿಲ್ಲುವುದೆಂದು ಹೇಳುವುದು ಚರಿತ್ರಕಾರನ ಕೆಲಸವಲ್ಲ.

ಉಳಿದದ್ದು ಹೆಸರಿನ ಪ್ರಶ್ನೆ. ಕನ್ನಡದ ನಿಘಂಟುಗಳಿಗೆ ಈ ಯಂತ್ರವನ್ನು ಸೇರಿಸುವ ಸಂದರ್ಭ ಬಂದಾಗ ಅದನ್ನು ಜೀವಾಳಯಂತ್ರವೆಂದು ಕರೆಯುವ ಆಸೆ ಸಹಜವಾದರೂ ಸಾಧುವಲ್ಲ. ಒಂದೊಂದು ತಂತಿಗೆ ಒಂದೊಂದು ನೂಲಿನ ಪ್ರತ್ಯೇಕತೆ ಅದರಲ್ಲಿಲ್ಲವೆಂದು ಮೇಲೆ ತೋರಿಸಿದೆ. ಧ್ವನಿವಿಕೃತಿ ಎಂದರೆ ದೋಷಾರ್ಥವೇ ಮುಂದಾಗುತ್ತದೆ. ಅಲ್ಲದೆ ಧ್ವನಿಶಬ್ದಕ್ಕೆ ಕಾವ್ಯಮೀಮಾಂಸೆಯಲ್ಲಿ ಬೇರೊಂದು ಅರ್ಥ ರೂಢವಾಗಿ ವಿದ್ಯಾರ್ಥಿಗಳಿಗೆ ಗೊಂದಲವಾಗುವುದು. ನಾದವಿಕಾರಕವೆಂಬುದು ಕ್ರಿಯೆಯನ್ನು ಯಥಾರ್ಥವಾಗಿ ಹೇಳುತ್ತದೆ, ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಬೆಂಗಳೂರಿನ ವಾದ್ಯದಂಗಡಿಗಳಲ್ಲಿ ಈ ಪದವನ್ನು ಹೇಳಿದರೆ ಯಾರಿಗೂ ತಿಳಿಯಲಾರದು. ಅಲ್ಲಿ ಪೆಡಲ್ ಎಂದರೆ ಸಾಕು, ಯಾವ ಕಂಪನಿಯದು ಬೇಕೆಂದು ಕೇಳುತ್ತಾರೆ.